ಒಂದೇ ಅಲ್ಲಾದಿನ್, ಎರಡು ಆಟ: ಸೆಗಾ–ನಿಂಟೆಂಡೊ ಜಗಳದ ಮರು ಲೆಕ್ಕ

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಹಿಂದಿನ ಒಂದು ಎಪಿಸೋಡಿನಲ್ಲಿ ನಾನು, "ಸೆಗಾ ಮೆಗಾ ಡ್ರೈವ್‌ನ ಪ್ರೊಸೆಸರ್ ಸೂಪರ್ ನಿಂಟೆಂಡೊಗಿಂತ ಎರಡು ಪಟ್ಟು ವೇಗ, ಹಾಗಾಗಿ ಅದೇ ಒಳ್ಳೇ ಮಷೀನು" ಅಂತ ಧೈರ್ಯವಾಗಿ ಹೇಳಿಬಿಟ್ಟಿದ್ದೆ. ಒಬ್ಬ ಕೇಳುಗರು ಮೇಲ್ ಹಾಕಿ ಒಂದೇ ಪ್ರಶ್ನೆ ಕೇಳಿದ್ರು: "ಎರಡನ್ನೂ ಆಡಿ ನೋಡಿದ್ದೀರಾ?"

ನಿಜ ಹೇಳ್ತೀನಿ, ಆಡಿರಲಿಲ್ಲ. ನಮ್ಮಲ್ಲಿ ಬಹಳ ಜನ ಆಡಿಲ್ಲ. 1995ರಲ್ಲಿ ಶಾ ವ್ಯಾಲೇಸ್ ಕಂಪನಿ ಸೆಗಾ ಮಷೀನನ್ನ ಭಾರತಕ್ಕೆ ತಂದಾಗ ಬೆಲೆ ಸುಮಾರು 18,000 ರೂಪಾಯಿ. ಆ ಕಾಲದಲ್ಲಿ ಎಷ್ಟು ಮನೆಗಳ ತಿಂಗಳ ಸಂಬಳ ಅಷ್ಟಿತ್ತು ಹೇಳಿ? ನಮ್ಮ ಮನೇಲಿ ಇದ್ದದ್ದು ಕ್ಯಾಸೆಟ್ ಹಾಕೋ ಟಿವಿ ಗೇಮ್. ಅದು ನಿಂಟೆಂಡೊದ ಇನ್ನೂ ಹಳೆಯ 8 ಬಿಟ್ ಮಷೀನಿನ ನಕಲು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಅಂದ್ರೆ ಸೆಗಾ ಮೇಲು ಅನ್ನೋ ನನ್ನ ಅಭಿಪ್ರಾಯ ನನ್ನದಲ್ಲವೇ ಅಲ್ಲ, ವಿಡಿಯೋಗಳಿಂದ ಸಾಲ ತಂದದ್ದು. ಇವತ್ತು ಆ ಸಾಲ ತೀರಿಸೋಣ.

ಮೊದಲು ಅಂಕಿ ಅಂಶ. ಮೆಗಾ ಡ್ರೈವ್ ಜಪಾನಿನಲ್ಲಿ ಬಂದದ್ದು 1988ರಲ್ಲಿ, ಮರುವರ್ಷ ಅಮೆರಿಕಕ್ಕೆ ಜೆನೆಸಿಸ್ ಅನ್ನೋ ಹೆಸರಲ್ಲಿ ಹೋಯ್ತು. ಸೂಪರ್ ನಿಂಟೆಂಡೊ ಜಪಾನಿಗೆ 1990, ಅಮೆರಿಕಕ್ಕೆ 1991. ಸೆಗಾದ ಪ್ರೊಸೆಸರ್ ಸುಮಾರು 7.6 ಮೆಗಾಹರ್ಟ್ಸ್, ನಿಂಟೆಂಡೊದ್ದು ಹೆಚ್ಚೆಂದರೆ 3.58. ನಾನು ಎಡವಿದ್ದು ಇಲ್ಲೇ. ಎರಡೂ ಬೇರೆ ಬೇರೆ ಜಾತಿಯ ಚಿಪ್. ಸೆಗಾದ ಚಿಪ್‌ಗೆ ಒಂದೊಂದು ಆದೇಶ ಮುಗಿಸೋಕೆ ಹೆಚ್ಚು ಸುತ್ತು ಬೇಕು. ಮೆಗಾಹರ್ಟ್ಸ್ ಮಾತ್ರ ನೋಡಿ ತೀರ್ಪು ಕೊಡೋದು, ಅಂಗಡಿಯ ಟರ್ನೋವರ್ ನೋಡಿ ಲಾಭ ಹೇಳಿದ ಹಾಗೆ. ಬಿಕಾಂ ಓದಿದ ನಾನೇ ಈ ತಪ್ಪು ಮಾಡಿದೆ ಅನ್ನೋದು ನಾಚಿಕೆ.

ಹಾಗಂತ ಸೆಗಾದ ವೇಗ ಸುಳ್ಳಲ್ಲ. ಸೂಪರ್ ನಿಂಟೆಂಡೊದ ಶುರುವಿನ ಆಟಗಳಲ್ಲಿ ಒಂದಾದ ಗ್ರೇಡಿಯಸ್ 3ರಲ್ಲಿ ಪರದೆ ತುಂಬಾ ಶತ್ರುಗಳು ಬಂದ್ರೆ ಇಡೀ ಆಟವೇ ಏದುಸಿರು ಬಿಡುತ್ತೆ. ಬಣ್ಣದ ವಿಷಯಕ್ಕೆ ಬಂದ್ರೆ ಲೆಕ್ಕ ಉಲ್ಟಾ. ಸೆಗಾಕ್ಕೆ 512 ಬಣ್ಣಗಳ ಡಬ್ಬಿ, ಒಂದು ಸಲಕ್ಕೆ ಸುಮಾರು 60 ತೋರಿಸಬಹುದು. ನಿಂಟೆಂಡೊಗೆ 32,768 ಬಣ್ಣ, ಒಂದು ಸಲಕ್ಕೆ 256. ಜೊತೆಗೆ ಮೋಡ್ 7 ಅಂತ ಒಂದು ಸೌಲಭ್ಯ. ಹಿನ್ನೆಲೆ ಚಿತ್ರವನ್ನ ತಿರುಗಿಸಿ, ಹಿಗ್ಗಿಸಿ, ಚಪ್ಪಟೆ ರಸ್ತೆಗೆ ಆಳ ಇದೆ ಅನ್ನಿಸೋ ಹಾಗೆ ಮಾಡುತ್ತೆ. ಎಫ್-ಝೀರೋ ರೇಸ್ ನಿಂತಿರೋದೇ ಅದರ ಮೇಲೆ.

ಇದಕ್ಕೆ ಉತ್ತರವಾಗಿ ಸೆಗಾದ ಅಮೆರಿಕ ಶಾಖೆ ಹೊರಡಿಸಿದ್ದು "ಬ್ಲಾಸ್ಟ್ ಪ್ರೊಸೆಸಿಂಗ್" ಅನ್ನೋ ಮಾತು. ಅದು ಯಾವ ಚಿಪ್‌ನ ಹೆಸರೂ ಅಲ್ಲ, ಜಾಹೀರಾತಿನ ಪದ. ನನ್ನ "ಎರಡು ಪಟ್ಟು ವೇಗ" ಅನ್ನೋ ಮಾತಿನ ಬೇರು ಇರೋದು ಅಲ್ಲೇ.

ಸರಿ, ಹೋಲಿಸೋದು ಹೇಗೆ? ಇದಕ್ಕೆ ಅಲ್ಲಾದಿನ್‌ಗಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ. ಡಿಸ್ನಿಯ ಒಂದೇ ಸಿನಿಮಾ, 1993ರಲ್ಲಿ ಎರಡು ಬೇರೆ ಬೇರೆ ಆಟ. ಸೆಗಾಕ್ಕೆ ಮಾಡಿದ್ದು ವರ್ಜಿನ್ ಗೇಮ್ಸ್, ಡೇವಿಡ್ ಪೆರ್ರಿ ಅವರ ತಂಡ. ಸೂಪರ್ ನಿಂಟೆಂಡೊಗೆ ಮಾಡಿದ್ದು ಜಪಾನಿನ ಕ್ಯಾಪ್‌ಕಾಮ್, ವಿನ್ಯಾಸ ಶಿಂಜಿ ಮಿಕಾಮಿ ಅವರದ್ದು. ಮುಂದೆ ರೆಸಿಡೆಂಟ್ ಈವಿಲ್ ಮಾಡಿದ್ದು ಇವರೇ.

ಎರಡೂ ಈಗ ಒಂದೇ ಸಂಕಲನದಲ್ಲಿ ಸಿಗುತ್ತೆ. ತಂದೆ, ಅಕ್ಕನ ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡೆ. ಅವಳಿಗೆ ಒಂಬತ್ತು ವರ್ಷ, ಈ ಜಗಳದ ಗಂಧಗಾಳಿ ಇಲ್ಲ.

ಸೆಗಾದ್ದರಲ್ಲಿ ಅಲ್ಲಾದಿನ್ ಕೈಯಲ್ಲಿ ಕತ್ತಿ. ಡಿಸ್ನಿಯ ಕಲಾವಿದರೇ ಕೈಯಲ್ಲಿ ಬಿಡಿಸಿದ ಚಿತ್ರಗಳನ್ನ ಆಟಕ್ಕೆ ಇಳಿಸಿದ್ದಾರೆ. ಬಣ್ಣ ಕಡಿಮೆ ಇರೋ ಮಷೀನಿನಲ್ಲಿ ನಡಿಗೆ, ನಗು ಎಲ್ಲಾ ಥೇಟ್ ಸಿನಿಮಾ. ನಿಂಟೆಂಡೊದ್ದರಲ್ಲಿ ಬಣ್ಣ ಹೆಚ್ಚು, ಆದ್ರೆ ಕತ್ತಿ ಇಲ್ಲ. ಶತ್ರುವಿನ ತಲೆ ಮೇಲೆ ಜಿಗೀಬೇಕು, ಕಂಬ ಹಿಡಿದು ತೂಗಬೇಕು, ಬಟ್ಟೆ ಹಿಡಿದು ಗಾಳಿಯಲ್ಲಿ ತೇಲಬೇಕು. "ಮಾಮ, ಇದ್ರಲ್ಲಿ ಕತ್ತಿ ಎಲ್ಲಿ?" ಅಂತ ಮೊದಲು ಮುಖ ಸಣ್ಣ ಮಾಡಿದವಳು, ಅರ್ಧ ಗಂಟೆ ಆದ್ಮೇಲೆ ಕಂಟ್ರೋಲರ್ ವಾಪಸ್ ಕೊಡಲಿಲ್ಲ. ನೋಡೋಕೆ ನನಗೆ ಸೆಗಾದ್ದು ಚಂದ, ಜಿಗಿಯೋಕೆ ನಿಂಟೆಂಡೊದ್ದು ಚಂದ. ತಮಾಷೆ ಏನಂದ್ರೆ, ತಾನೇ ಮಾಡದೆ ಇದ್ದಿದ್ರೆ ಬಹುಶಃ ಸೆಗಾದ್ದನ್ನೇ ಕೊಳ್ತಿದ್ದೆ ಅಂತ ಮಿಕಾಮಿ ಅವರೇ ಒಂದು ಸಂದರ್ಶನದಲ್ಲಿ ಒಪ್ಪಿಕೊಂಡಿದ್ದಾರೆ.

ನೋಡಿ, ಬಣ್ಣ ಕಡಿಮೆ ಇದ್ದ ಕಡೆ ಚಿತ್ರ ಗೆದ್ದಿದೆ. ಮಷೀನಿನ ಅಳತೆ ನೋಡಿ ಇದನ್ನ ಊಹಿಸೋಕೆ ಆಗುತ್ತಿತ್ತಾ?

ಇನ್ನೊಂದು ಕಥೆ ಇದೆ, ಅದರಲ್ಲಿ ಚಿಪ್‌ಗೆ ಪಾತ್ರವೇ ಇಲ್ಲ. 1993ರ ಸೆಪ್ಟೆಂಬರ್ 13ರಂದು ಮಾರ್ಟಲ್ ಕಾಂಬ್ಯಾಟ್ ಎರಡೂ ಮಷೀನಿಗೆ ಬಂತು. ಚಿತ್ರ, ಧ್ವನಿ ಎರಡರಲ್ಲೂ ಆರ್ಕೇಡಿಗೆ ಹತ್ತಿರ ಇದ್ದದ್ದು ನಿಂಟೆಂಡೊದ್ದು. ಆದರೆ ನಿಂಟೆಂಡೊ ತನ್ನ ನಿಯಮ ಬಿಡಲಿಲ್ಲ. ರಕ್ತದ ಜಾಗದಲ್ಲಿ ಬೂದು ಬಣ್ಣದ ಬೆವರು! ಸೆಗಾದ್ದರಲ್ಲಿ ಒಂದು ಗುಟ್ಟಿನ ಕೋಡ್ ಒತ್ತಿದರೆ ರಕ್ತ. ಹೆಚ್ಚು ಮಾರಾಟ ಆದದ್ದು ಸೆಗಾದ್ದೇ. ಅದೇ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ಈ ಆಟಗಳ ಹಿಂಸೆ ಬಗ್ಗೆ ವಿಚಾರಣೆ ನಡೆಸಿತು. ವಯಸ್ಸಿನ ಪ್ರಕಾರ ಆಟಗಳಿಗೆ ಗುರುತು ಹಾಕೋ ಇಎಸ್‌ಆರ್‌ಬಿ ಮಂಡಳಿ 1994ರಲ್ಲಿ ಹುಟ್ಟಿತು. ಅದೇ ವರ್ಷ ಮಾರ್ಟಲ್ ಕಾಂಬ್ಯಾಟ್ 2 ನಿಂಟೆಂಡೊಗೆ ಬಂದಾಗ ರಕ್ತ ಕೆಂಪಗೇ ಇತ್ತು. ಮಷೀನು ಅದೇ, ಬದಲಾದದ್ದು ಕಂಪನಿಯ ನಿರ್ಧಾರ.

ಹಾಗಾದ್ರೆ ಯಾವುದು ಮೇಲು? ಆ ಮಾತನ್ನ ವಾಪಸ್ ತಗೋತೀನಿ. ಅದರ ಬದಲು ಇನ್ನೊಂದು ತೀರ್ಪು ಕೊಡಲ್ಲ. ಮಷೀನು ಕೊಡೋದು ಬಂಡವಾಳ ಅಷ್ಟೇ, ಆಟ ಅನ್ನೋದು ಅದನ್ನ ಯಾರು ಹೇಗೆ ಖರ್ಚು ಮಾಡಿದ್ರು ಅನ್ನೋದು. ಈಗಲೂ ಹೊಸ ಕನ್ಸೋಲ್ ಬಂದಾಗ ನಾವು ಮೊದಲು ಹಂಚಿಕೊಳ್ಳೋದು ಅಂಕಿಗಳ ಪಟ್ಟಿಯನ್ನೇ. ಆ ಪಟ್ಟಿ ಸುಳ್ಳಲ್ಲ, ಅರ್ಧ ಲೆಕ್ಕ. ಉಳಿದರ್ಧ ಆಡಿದವರ ಹತ್ತಿರ ಇರುತ್ತೆ.

ಮೇಲ್ ಹಾಕಿದ ಕೇಳುಗರೇ, ಈಗ ಎರಡನ್ನೂ ಆಡಿದ್ದೀನಿ. ಕೇಳಿದ್ದಕ್ಕೆ ಥ್ಯಾಂಕ್ಸ್. ಮುಂದಿನ ವಾರ ಸಿಗೋಣ.