ಮೌಸೋ ಟಚ್‌ಪ್ಯಾಡೋ: ಒಂದು ಪುಟ್ಟ ಬಾಣದ ಚರಿತ್ರೆ

ಲ್ಯಾಪ್‌ಟಾಪ್ ಕೊಳ್ಳುವಾಗ ಎಲ್ಲರೂ ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ವಿಚಾರಿಸುತ್ತಾರೆ. ದಿನವಿಡೀ ಪರದೆಯ ಮೇಲೆ ಓಡಾಡುವ ಆ ಪುಟ್ಟ ಬಾಣವನ್ನು ಯಾವುದರಿಂದ ಓಡಿಸಬೇಕು ಅನ್ನೋ ಪ್ರಶ್ನೆ ಮಾತ್ರ ಯಾರಿಗೂ ಹೊಳೆಯೋದಿಲ್ಲ. ಮೌಸೋ, ಟಚ್‌ಪ್ಯಾಡೋ? ಆಫೀಸಿನಲ್ಲಿ ಈ ವಿಷಯಕ್ಕೆ ಜಗಳ ಶುರುವಾದರೆ ಕಾಫಿ ಆರಿಹೋಗುವವರೆಗೂ ಮುಗಿಯಲ್ಲ. ಒಬ್ಬ ‘ಮೌಸ್ ಇಲ್ಲದೆ ಕೈಯೇ ಓಡಲ್ಲ’ ಅಂತಾನೆ, ಇನ್ನೊಬ್ಬ ‘ಇನ್ನೂ ಇಲಿ ಕಟ್ಟಿಕೊಂಡು ಓಡಾಡ್ತೀಯಲ್ಲ ಮಾರಾಯ’ ಅಂತ ನಗ್ತಾನೆ. ಈ ಜಗಳದ ಹಿಂದೆ ಅರವತ್ತು ವರ್ಷದ ಚರಿತ್ರೆ ಇದೆ. ಅದರಲ್ಲಿ ನಮ್ಮ ಪಹಣಿಯ ಕತೆಯೂ ಸೇರಿಕೊಂಡಿದೆ. ಅದನ್ನೇ ಇಲ್ಲಿ ಬರೆಯೋಣ ಅಂತ.

ಮೊದಲು ಇಲಿಯ ಹುಟ್ಟು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅನ್ನೋ ಎಂಜಿನಿಯರ್ ಇದ್ದರು. ಪರದೆಯ ಮೇಲಿನ ಒಂದು ಪದವನ್ನು ಬೆರಳಿಟ್ಟು ತೋರಿಸಿದ ಹಾಗೆ ಆರಿಸೋದು ಹೇಗೆ ಅನ್ನೋದು ಅವರ ಚಿಂತೆ. ಅವರ ಕಲ್ಪನೆಯನ್ನು 1964ರಲ್ಲಿ ಬಿಲ್ ಇಂಗ್ಲಿಷ್ ಕೈಗೆ ಸಿಗುವ ವಸ್ತುವಾಗಿ ಮಾಡಿಕೊಟ್ಟರು. ಒಂದು ಮರದ ತುಂಡು, ಅಡಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ಕೂರಿಸಿದ ಎರಡು ಚಕ್ರ, ಮೇಲೊಂದು ಗುಂಡಿ. ಬಾಲದ ಹಾಗೆ ವೈರ್ ಇದ್ದದ್ದರಿಂದ ಮೌಸ್ ಅನ್ನೋ ಹೆಸರು ಅಂಟಿಕೊಂಡಿತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ತೊಂಬತ್ತು ನಿಮಿಷ ಇದನ್ನೆಲ್ಲ ಜನರ ಮುಂದೆ ಮಾಡಿ ತೋರಿಸಿದರು. ಅದೇ ವರ್ಷ ಜರ್ಮನಿಯ ಟೆಲಿಫುಂಕೆನ್ ಕಂಪನಿಯವರೂ ಅಡಿಯಲ್ಲಿ ಚೆಂಡು ಇರುವ ಇಂಥದೇ ಒಂದು ಸಾಧನವನ್ನು ಬೇರೆಯಾಗಿಯೇ ತಂದಿದ್ದರು.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇದೆ. ಎಂಗೆಲ್‌ಬಾರ್ಟ್ ತಂಡ ‘ನಾವು ಮಾಡಿದ್ದೇ ಒಳ್ಳೇದು’ ಅಂತ ಕೂರಲಿಲ್ಲ. ಮೌಸು, ಬೆಳಕಿನ ಪೆನ್ನು, ಜಾಯ್‌ಸ್ಟಿಕ್, ಕೊನೆಗೆ ಮೇಜಿನ ಕೆಳಗೆ ಮೊಣಕಾಲಿನಿಂದ ತಳ್ಳುವ ಒಂದು ಸನ್ನೆಕೋಲು ಎಲ್ಲವನ್ನೂ ಜನರ ಕೈಗೆ (ಮತ್ತೆ ಕಾಲಿಗೆ!) ಕೊಟ್ಟು ಎಷ್ಟು ಹೊತ್ತು ಬೇಕಾಗುತ್ತೆ, ಎಷ್ಟು ತಪ್ಪಾಗುತ್ತೆ ಅಂತ ಅಳೆದು 1967ರಲ್ಲಿ ಪ್ರಕಟಿಸಿತು. ಪಳಗಿದವರ ಕೈಯಲ್ಲಿ ಮೌಸ್ ಗೆದ್ದಿತು. ಹೊಸಬರ ವಿಷಯದಲ್ಲಿ ಮಾತ್ರ ಬೆಳಕಿನ ಪೆನ್ನು, ಮೊಣಕಾಲಿನ ಸಾಧನಗಳೇ ಮುಂದಿದ್ದವು. ಅಂದರೆ ಮೌಸ್ ಹುಟ್ಟಿನಿಂದಲೇ ಕಲಿತವರ ಸಾಧನ. ‘ಮೌಸ್ ಸುಲಭ’ ಅಂತ ನಾವು ಹೇಳೋದು ನಾವು ಕಲಿತಾದ ಮೇಲೆ.

1978ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದವರು ಇನ್ನೊಮ್ಮೆ ಅಳೆದರು. ಗುರಿ ಚಿಕ್ಕದಾದಷ್ಟೂ, ದೂರ ಹೆಚ್ಚಿದಷ್ಟೂ ಕೈಗೆ ಹೆಚ್ಚು ಹೊತ್ತು ಬೇಕು ಅನ್ನೋ ಲೆಕ್ಕವನ್ನು ಪಾಲ್ ಫಿಟ್ಸ್ 1954ರಲ್ಲೇ ಕೊಟ್ಟಿದ್ದರು. ಮೌಸ್ ಹಿಡಿದ ಕೈಯ ವೇಗ ಆ ಲೆಕ್ಕದ ಮಿತಿಗೆ ಹತ್ತಿರ ಹತ್ತಿರ ಬರುತ್ತೆ, ಅಂದರೆ ತಡ ಆಗೋದು ನಮ್ಮ ಕೈಯಿಂದಲೇ ಹೊರತು ಸಾಧನದಿಂದ ಅಲ್ಲ ಅಂತ ಗೊತ್ತಾಯಿತು. ಝೆರಾಕ್ಸ್ ಸ್ಟಾರ್ 1981ರಲ್ಲಿ ಬಂತು, ಆಪಲ್ಲಿನ ಲೀಸಾ 1983ರಲ್ಲಿ, ಮ್ಯಾಕಿಂಟಾಷ್ 1984ರಲ್ಲಿ. 1990ರ ವಿಂಡೋಸ್ 3.0 ಜೊತೆಗೆ ಇಸ್ಪೀಟಿನ ಸಾಲಿಟೇರ್ ಆಟವೂ ಬಂತು. ಹಿಡಿದು ಎಳೆದು ಬಿಡೋದನ್ನು ಆ ಆಟ ಎಷ್ಟು ಜನಕ್ಕೆ ಕಲಿಸಿತೋ ಲೆಕ್ಕ ಇಟ್ಟವರಿಲ್ಲ :)

ಟಚ್‌ಪ್ಯಾಡಿನ ಕತೆ ಬೇರೆ. ಲ್ಯಾಪ್‌ಟಾಪ್ ಅನ್ನೋ ಹೆಸರಿನಲ್ಲೇ ತೊಡೆ ಇದೆ, ಮೇಜು ಇಲ್ಲ. ತೊಡೆಯ ಮೇಲೆ ಇಲಿ ಓಡಿಸೋದೆಲ್ಲಿ? ಹಾಗಾಗಿ ಮೊದಮೊದಲು ಅಂಗಾತ ಮಲಗಿಸಿದ ಮೌಸಿನಂಥ ಟ್ರ್ಯಾಕ್‌ಬಾಲ್ ಕೂರಿಸಿದರು. ಐಬಿಎಮ್‌ನವರು 1992ರ ಥಿಂಕ್‌ಪ್ಯಾಡಿನಲ್ಲಿ ಕೀಲಿಗಳ ನಡುವೆ ಕೆಂಪು ಮೊಟ್ಟು ನೆಟ್ಟರು. ಜಾರ್ಜ್ ಗರ್ಫೈಡ್ 1980ರ ದಶಕದ ಕೊನೆಯಲ್ಲಿ ರೂಪಿಸಿದ ಬಗೆಯ ಟಚ್‌ಪ್ಯಾಡ್ 1994ರಲ್ಲಿ ಆಪಲ್ಲಿನ ಪವರ್‌ಬುಕ್ 500 ಸಾಲಿನಲ್ಲಿ ಬಂದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಅದರ ಕೆಲಸ ಸರಳ. ಹಲಗೆಯ ಕೆಳಗೆ ಅಡ್ಡ ಉದ್ದ ತಂತಿಗಳ ಜಾಲ, ಅದರ ಸುತ್ತ ಸಣ್ಣ ವಿದ್ಯುತ್ ಕ್ಷೇತ್ರ. ನಮ್ಮ ಮೈ ವಿದ್ಯುತ್ ಹರಿಯಬಿಡುವಂಥದ್ದು, ಬೆರಳು ಹತ್ತಿರ ಬಂದ ಕಡೆ ಆ ಕ್ಷೇತ್ರ ಬದಲಾಗುತ್ತೆ. ಎಲ್ಲಿ ಬದಲಾಯಿತೋ ಅಲ್ಲಿ ಬೆರಳಿದೆ. ಒತ್ತೋದೇ ಬೇಡ.

ಆದರೆ ನೀರಿಗೂ ವಿದ್ಯುತ್ ಹರಿಸುವ ಗುಣ ಇದೆಯಲ್ಲ. ಒದ್ದೆ ಬೆರಳು ಇಟ್ಟರೆ ಬಾಣ ಎಲ್ಲೆಲ್ಲೋ ಹಾರುತ್ತೆ. ಇನ್ನೊಂದು ಕಡೆ, ಒಣಗಿ ದಪ್ಪ ಜಡ್ಡುಗಟ್ಟಿದ ಬೆರಳು ಇಟ್ಟರೆ ಕೆಲವೊಮ್ಮೆ ಗೊತ್ತೇ ಆಗಲ್ಲ. ಮಳೆಗಾಲದ ಮಲೆನಾಡಿನಲ್ಲಿ ಇದರ ಅರ್ಥ ಏನು ಅಂತ ಗೊತ್ತಿರುವವರಿಗೆ ಗೊತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಒಣಗಿದ್ದು ಅಂತ ಹೇಳೋಕೆ ಒಲೆ ಮೇಲಿನ ಅಟ್ಟ ಒಂದೇ.

ಮೌಸೂ ಏನು ಸಾಚಾ ಅಲ್ಲ. ನಮ್ಮ ಶಾಲೆಯ ಕಂಪ್ಯೂಟರ್ ರೂಮಿನಲ್ಲಿದ್ದವು ಚೆಂಡಿನ ಮೌಸುಗಳು. ವಾರಕ್ಕೊಮ್ಮೆ ಹೊಟ್ಟೆ ಬಿಚ್ಚಿ ಚೆಂಡು ತೆಗೆದು ಒಳಗಿನ ಉರುಳೆಗಳಿಗೆ ಸುತ್ತಿಕೊಂಡ ಕೊಳೆಯನ್ನು ಉಗುರಿನಿಂದ ಕೆರೆಯೋದು ನಮ್ಮ ಕೆಲಸ. 1999ರಲ್ಲೇ ಮೈಕ್ರೋಸಾಫ್ಟ್ ಚೆಂಡಿಲ್ಲದ, ಬೆಳಕಿನಿಂದ ನೆಲ ನೋಡುವ ಮೌಸನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಅದು ನಮ್ಮ ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ನಾವು ಹೈಸ್ಕೂಲು ಮುಗಿಸಿದ್ದೆವು.

ಧೂಳು, ತೇವ, ಹೊಸ ಕೈ ಈ ಮೂರನ್ನೂ ಒಟ್ಟಿಗೆ ಎದುರಿಸಿದ ಪ್ರಯೋಗ ನಮ್ಮ ದೇಶದಲ್ಲೇ ನಡೆದಿದೆ. 1999ರ ಜನವರಿಯಲ್ಲಿ ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಗೆ ತೂತು ಕೊರೆದು ಕಂಪ್ಯೂಟರ್ ಇಟ್ಟರು. ಆಚೆ ಕಡೆ ಬಡ ಮಕ್ಕಳ ಬೀದಿ. ಕಲಿಸೋಕೆ ಯಾರೂ ಇಲ್ಲ. ಬೀದಿಗೆ ಮುಖ ಮಾಡಿದ ಕಡೆ ಅವರು ಕೊಟ್ಟಿದ್ದು ಮೌಸಲ್ಲ, ಟಚ್‌ಪ್ಯಾಡ್. ಮಕ್ಕಳು ತಾವೇ ಕಲಿತರು. ಬಾಣಕ್ಕೆ ‘ಸೂಯಿ’ ಅಂತ, ಕಾಯಿಸುವ ಮರಳುಗಡಿಯಾರಕ್ಕೆ ‘ಡಮರು’ ಅಂತ ತಮ್ಮದೇ ಹೆಸರಿಟ್ಟರು. ಮುಂದೆ ಹಳ್ಳಿಗಳಲ್ಲಿ ಇಟ್ಟ ಇಂಥ ಗೂಡುಗಳಿಗೆ ಗೋಡೆಯಲ್ಲೇ ಕೂರಿಸಿದ ಗಟ್ಟಿ ಜಾಯ್‌ಸ್ಟಿಕ್ ಬಂತು. ಮೌಸೋ ಟಚ್‌ಪ್ಯಾಡೋ ಅಂತ ಕೇಳಿದರೆ ಬೀದಿ ಕೊಟ್ಟ ಉತ್ತರ ಎರಡೂ ಅಲ್ಲ ಅಂತ!

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ‘ಭೂಮಿ’ ಯೋಜನೆ ನಿಮಗೆಲ್ಲ ಗೊತ್ತೇ ಇದೆ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಆಗಿದ್ದ 177 ತಾಲ್ಲೂಕುಗಳಲ್ಲಿ ಕಿಯಾಸ್ಕ್ ತೆರೆದದ್ದು 2000ದ ದಶಕದ ಆರಂಭದಲ್ಲಿ. ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಅದಕ್ಕೂ ಮುಂಚೆ ಪಹಣಿ ಅಂದರೆ ಶಾನುಭೋಗರ ಕಾಲದಿಂದ ಬಂದ ಕೈಬರಹದ ಪುಸ್ತಕ. ಅದನ್ನು ಓದಬೇಕಾದರೂ ತಿದ್ದಬೇಕಾದರೂ ಪುಸ್ತಕ ಇಟ್ಟುಕೊಂಡವರ ದಯೆ ಬೇಕಿತ್ತು.

ಭೂಮಿ ಕಿಯಾಸ್ಕಿನಲ್ಲಿ ಒಂದು ವಿಶೇಷ ಏರ್ಪಾಡು ಇತ್ತು. ಕೌಂಟರಿನ ಒಳಗಿರುವವರಿಗೆ ಒಂದು ಪರದೆಯಾದರೆ ಹೊರಗೆ ನಿಂತ ರೈತರ ಕಡೆಗೆ ಮುಖ ಮಾಡಿದ ಎರಡನೇ ಪರದೆ. ಒಳಗೆ ಏನು ನಡೆಯುತ್ತಿದೆ ಅಂತ ರೈತ ಕಣ್ಣಾರೆ ನೋಡಲಿ ಅಂತ. ನಿಜಕ್ಕೂ ದೊಡ್ಡ ಯೋಚನೆ. ಈಗ ಯೋಚಿಸಿದರೆ ಅನ್ನಿಸುತ್ತೆ, ಆ ಕಡೆ ಪರದೆ ಇತ್ತು, ಮೌಸ್ ಇರಲಿಲ್ಲ. ಪಹಣಿ ನೋಡುವ ಹಕ್ಕು ಕೌಂಟರಿನ ಈಚೆಗೆ ಬಂತು, ಬಾಣ ಆಚೆಯೇ ಉಳಿಯಿತು. ಕೆಲವು ತಾಲ್ಲೂಕುಗಳಲ್ಲಿ ಜನ ತಾವೇ ಮುಟ್ಟಿ ನೋಡುವ ಪರದೆಗಳನ್ನು ಪ್ರಯೋಗವಾಗಿ ಇಟ್ಟದ್ದೂ ಉಂಟು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ಸಿಂಪ್ಯೂಟರ್ ರೂಪಿಸಿದ್ದರು. ಅಂಗೈಯಗಲದ ಕಂಪ್ಯೂಟರ್. ಕೀಬೋರ್ಡೂ ಇಲ್ಲ, ಮೌಸೂ ಇಲ್ಲ, ಕಡ್ಡಿಯಿಂದ ಪರದೆಯನ್ನೇ ಮುಟ್ಟಬೇಕು. ಅದು ಮಾರಾಟದಲ್ಲಿ ಗೆಲ್ಲಲಿಲ್ಲ. ಆದರೆ ಓದುಬರಹ ಹೆಚ್ಚು ಬಾರದವರ ಕೈಗೆ ಏನು ಕೊಡಬೇಕು ಅನ್ನೋ ಪ್ರಶ್ನೆಯನ್ನು ಐಫೋನ್ ಬರುವ ಆರೇಳು ವರ್ಷ ಮೊದಲೇ ನಮ್ಮವರು ಕೇಳಿಕೊಂಡಿದ್ದರು.

ಈಗ ಪಹಣಿಯನ್ನು ಮನೆಯಲ್ಲೇ ಕೂತು ನೋಡಬಹುದು. ಜಿಲ್ಲೆ ಚಿಕ್ಕಮಗಳೂರು, ತಾಲ್ಲೂಕು ಮೂಡಿಗೆರೆ, ಹೋಬಳಿ ಗೋಣಿಬೀಡು, ಆಮೇಲೆ ಗ್ರಾಮ, ಸರ್ವೆ ನಂಬರ್, ಹಿಸ್ಸಾ ಅಂತ ಪಟ್ಟಿಯಿಂದ ಒಂದೊಂದೇ ಆರಿಸಿಕೊಂಡು ಹೋದರೆ ಆಯಿತು. ಅಪ್ಪ ತೀರಿಕೊಂಡು ಪೌತಿ ಖಾತೆಗೆ ಅರ್ಜಿ ಕೊಟ್ಟ ಮೇಲೆ ಅಮ್ಮನಿಗೆ ಇದೇ ಚಿಂತೆ. ಎರಡೂವರೆ ಎಕರೆ ಕಾಫಿ, ಒಂದು ತುಂಡು ಗದ್ದೆ. ಕಾಲಂ 9ರಲ್ಲಿ ಹೆಸರು ಬದಲಾಯಿತಾ ಇಲ್ಲವಾ? ನಾನು ನೋಡಿ ಹೇಳಬಹುದಿತ್ತು. ಅಮ್ಮ ಒಪ್ಪಲಿಲ್ಲ. ‘ನಿಮ್ಮಪ್ಪ ಇದ್ದಾಗ ಅವ್ರು ನೋಡಿ ಹೇಳೋರು, ಈಗ ನೀನು ನೋಡಿ ಹೇಳ್ತೀಯ. ನಾನು ನೋಡೋದು ಯಾವಾಗ್ಲೋ?’ ಅಂದರು. ಫೋನಿನಲ್ಲಿ ಆ ಅಕ್ಷರ ಅವರ ಕಣ್ಣಿಗೆ ಹಿಡಿಯಲ್ಲ. ಹಾಗಾಗಿ ಲ್ಯಾಪ್‌ಟಾಪ್.

ಫೋನು ಉಜ್ಜಿ ಅಭ್ಯಾಸ ಇರುವವರಿಗೆ ಟಚ್‌ಪ್ಯಾಡೇ ಸುಲಭ ಅನ್ನೋದು ನಮ್ಮ ಓದಿದ ಲೆಕ್ಕ. ಅದಕ್ಕೆ ಆಧಾರವೂ ಇದೆ. ಎರಡು ಬೆರಳಿನ ಆಟಗಳನ್ನು ಮುಂದೆ ತಂದವರಲ್ಲಿ ವೇಯ್ನ್ ವೆಸ್ಟರ್‌ಮನ್ ಒಬ್ಬರು. ಟೈಪ್ ಮಾಡಿ ಮಾಡಿ ಕೈನೋವು ಬಂದು, ಒತ್ತದೆ ಬರೀ ಮುಟ್ಟಿ ಕೆಲಸ ಮಾಡುವ ಹಲಗೆಯ ಹಿಂದೆ ಬಿದ್ದವರು. ಅವರ ಫಿಂಗರ್‌ವರ್ಕ್ಸ್ ಕಂಪನಿಯನ್ನು ಆಪಲ್ 2005ರಲ್ಲಿ ಕೊಂಡಿತು. 2007ರಲ್ಲಿ ಐಫೋನ್, 2008ರಲ್ಲಿ ಹಲವು ಬೆರಳು ಗುರುತಿಸುವ ಮ್ಯಾಕ್‌ಬುಕ್ ಟಚ್‌ಪ್ಯಾಡ್. ಹೀಗೆ ಫೋನೂ ಟಚ್‌ಪ್ಯಾಡೂ ಒಂದೇ ಮನೆತನದವು.

ಅಮ್ಮನ ಬೆರಳು ಮಾತ್ರ ಬೇರೆ ಹೇಳಿತು. ನಲವತ್ತು ವರ್ಷ ಕಾಫಿ ಕುಯ್ದು, ಸೌದೆ ಒಡೆದು ಜಡ್ಡುಗಟ್ಟಿದ ಬೆರಳು, ಮೇಲೆ ಜುಲೈ ತಿಂಗಳ ತೇವ. ಹೋಬಳಿ ಪಟ್ಟಿಯಲ್ಲಿ ಗೋಣಿಬೀಡಿನ ಮೇಲೆ ನಿಂತ ಬಾಣ ತಟ್ಟುವ ಹೊತ್ತಿಗೆ ಪಕ್ಕದ ಹೋಬಳಿಗೆ ಜಾರಿರುತ್ತಿತ್ತು. ಮೂರನೇ ಸಲಕ್ಕೆ ‘ಇದೆಂಥದೋ ಮೀನು ಹಿಡಿದಂಗೆ ಆಗ್ತದಲ್ಲ’ ಅಂತ ಕೈ ತೆಗೆದರು. ಆಗ ನನ್ನ ಮೌಸ್ ಕೊಟ್ಟೆ. ಜಗಲಿಯಲ್ಲಿ ಮೇಜಿಲ್ಲ, ಆರಾಮಕುರ್ಚಿಯ ಕೈ ಸಾಲದು. ಅಮ್ಮನೇ ಒಳಗಿಂದ ಊಟಕ್ಕೆ ಕೂರುವ ಹಲಸಿನ ಮಣೆ ತಂದು ಪಕ್ಕದ ಸ್ಟೂಲಿನ ಮೇಲಿಟ್ಟರು. ಹತ್ತು ನಿಮಿಷ ಬಾಣ ಮಣೆಯಿಂದ ಕೆಳಗೆ ಬೀಳುತ್ತೇನೋ ಅನ್ನೋ ಹಾಗೆ ಹಿಡಿದಿದ್ದರು, ಆಮೇಲೆ ಸರಿಹೋಯಿತು. ಮೌಸಿನಲ್ಲಿ ಒಂದು ಗುಣ ಇದೆ: ಕೈ ತೆಗೆದರೆ ಬಾಣ ನಿಂತಲ್ಲೇ ನಿಲ್ಲುತ್ತೆ. ಗುರಿ ಇಟ್ಟು, ಉಸಿರು ಬಿಟ್ಟು, ಕನ್ನಡಕ ಸರಿಮಾಡಿಕೊಂಡು, ಆಮೇಲೆ ಒತ್ತಬಹುದು. ತೋರಿಸೋದೂ ಒಪ್ಪೋದೂ ಎರಡು ಬೇರೆ ಕೆಲಸ. ಟಚ್‌ಪ್ಯಾಡ್ ತಟ್ಟುವಾಗ ಎರಡೂ ಒಂದೇ ಬೆರಳಿನ ಮೇಲೆ ಬೀಳುತ್ತವೆ.

ಆ ದಿನ ಕಾಲಂ 9ರಲ್ಲಿ ಅಪ್ಪನ ಹೆಸರೇ ಇತ್ತು. ಅಮ್ಮ ತುಂಬ ಹೊತ್ತು ಬಾಣವನ್ನು ಆ ಹೆಸರಿನ ಮೇಲೇ ಇಟ್ಟುಕೊಂಡು ಕೂತಿದ್ದರು. ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ. ಎರಡು ತಿಂಗಳಾದ ಮೇಲೆ ಬೆಂಗಳೂರಿಗೆ ಫೋನ್ ಬಂತು. ‘ನನ್ನ ಹೆಸರು ಬಂದದೆ ಕಣೋ, ನಾನೇ ನೋಡ್ದೆ.’ ಅಷ್ಟರಲ್ಲಿ ಪಕ್ಕದ ಮನೆ ಚಿಕ್ಕಮ್ಮನ ಪಹಣಿಯನ್ನೂ ತೆಗೆದುಕೊಟ್ಟಿದ್ದರಂತೆ!

ಹಾಗಾದರೆ ಮೌಸೇ ಮೇಲಾ? ನನ್ನ ಮಟ್ಟಿಗೆ ಹಾಗಲ್ಲ. ಕೋಡ್ ಬರೆಯುವಾಗ ಕೈ ಕೀಲಿಮಣೆಯಿಂದ ದೂರ ಹೋಗಬಾರದು, ಅದಕ್ಕೆ ಟಚ್‌ಪ್ಯಾಡ್. ಬಸ್ಸಿನಲ್ಲೂ ಅದೇ. ಕನ್ನಡ ತಿದ್ದುವಾಗ ಮಾತ್ರ ಮೌಸ್. ಯೂನಿಕೋಡಿನಲ್ಲಿ ‘ಸ್ತ್ರೀ’ ಅನ್ನೋ ಒಂದು ಅಕ್ಷರದೊಳಗೆ ಆರು ಸಂಕೇತ ಇವೆ. ಕರ್ಸರ್ ಸಾಮಾನ್ಯವಾಗಿ ಅದರ ಹಿಂದೆ ಅಥವಾ ಮುಂದೆ ನಿಲ್ಲುತ್ತೆ, ನಡುವೆ ಅಲ್ಲ. ಒತ್ತಕ್ಷರದ ಕಾಡಿನಲ್ಲಿ ಸರಿಯಾದ ಸಂದಿಗೆ ಬಾಣ ಇಡೋಕೆ ನನಗೆ ಗಟ್ಟಿಯಾಗಿ ನಿಲ್ಲುವ ಇಲಿಯೇ ಬೇಕು. ಬಲ ಮಣಿಕಟ್ಟು ನೋಯತೊಡಗಿದ ಮೇಲೆ ಅದನ್ನು ಎಡಗೈಗೆ ಬದಲಾಯಿಸಿಕೊಂಡೆ. ಒಂದು ವಾರ ಕಷ್ಟ, ಆಮೇಲೆ ಅಭ್ಯಾಸ.

ಸ್ನೇಹಿತರೆ, ಮನೆಯಲ್ಲಿ ಅಪ್ಪ ಅಮ್ಮನಿಗೆ ಕಂಪ್ಯೂಟರ್ ಕಲಿಸುವವರು ಇದ್ದರೆ ಒಂದು ಮಾತು. ಯಾವುದು ಆಧುನಿಕ ಅಂತ ನೋಡಬೇಡಿ. ಅವರ ಕೈ ಹೇಗಿದೆ, ಕೂರುವ ಜಾಗ ಹೇಗಿದೆ ಅಂತ ನೋಡಿ ಎರಡನ್ನೂ ಕೊಟ್ಟುಬಿಡಿ. ಸೆಟ್ಟಿಂಗ್ಸ್‌ಗೆ ಹೋಗಿ ಬಾಣದ ವೇಗ ಕಡಿಮೆ ಮಾಡಿ, ಅದರ ಗಾತ್ರ ದೊಡ್ಡದು ಮಾಡಿ. ನಮ್ಮ ಮನೆಯಲ್ಲಿ ಹಲಸಿನ ಮಣೆ ಈಗ ಊಟಕ್ಕೆ ಸಿಗ್ತಾ ಇಲ್ಲ, ಅದೊಂದೇ ತೊಂದರೆ :)