ಬೀಜ-ಕ್ಷೇತ್ರ ವಿಚಾರ

ಬೀಜವು ಒಬ್ಬನದು, ನೆಲವು ಮತ್ತೊಬ್ಬನದು ಆದ ಪಕ್ಷದಲ್ಲಿ ಫಲವು ಯಾರಿಗೆ ಸಲ್ಲತಕ್ಕದ್ದು? ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಸಂತಾನದ ಪ್ರಸಂಗದಲ್ಲಿ ಈ ಪ್ರಶ್ನೆಯನ್ನೆತ್ತಿ, ಒಪ್ಪಂದವಿಲ್ಲದಿದ್ದರೆ ಫಲವು ಕ್ಷೇತ್ರಸ್ವಾಮಿಗೆಂದೂ, ಒಪ್ಪಂದವಿದ್ದರೆ ಇಬ್ಬರೂ ಭಾಗಿಗಳೆಂದೂ ನಿರ್ಣಯಿಸಿರುವುದು. ಪಾಠಶಾಲೆಯಲ್ಲಿ ನಾವಿದನ್ನು ಬರಿಯ ದೃಷ್ಟಾಂತವೆಂದು ಓದಿದ್ದೆವು. ನಮ್ಮ ಮಂಡ್ಯ ಸೀಮೆಯ ಗದ್ದೆಗಳಲ್ಲಿಯೇ ಅದು ವ್ಯವಹಾರಕ್ಕೆ ಬಂದೀತೆಂದು ಆಗ ಯಾರೆಣಿಸಿದ್ದರು!

ಮದ್ದೂರಿನ ಬಳಿಯ ಶಿವಪುರದಲ್ಲಿ 1938ರ ಏಪ್ರಿಲ್ ತಿಂಗಳಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳುತನದಲ್ಲಿ ನೆರೆದ ಜನರು ನಿಷೇಧಾಜ್ಞೆಯನ್ನು ಮೀರಿ ಧ್ವಜವನ್ನೇರಿಸಿದ ಕಥೆ ವಾಚಕರಿಗೆ ತಿಳಿದದ್ದೇ. ಅದೇ ದಶಕದಲ್ಲಿ ಇರ್ವಿನ್ ನಾಲೆಯ ನೀರು ಹರಿದು ರಾಗಿಯ ಹೊಲಗಳು ಭತ್ತದ ಗದ್ದೆಗಳಾದುವು. ನಾಲೆಗೂ ಅದರ ಪ್ರಯೋಗಕ್ಷೇತ್ರಕ್ಕೂ ಇಂದು ವಿಶ್ವೇಶ್ವರಯ್ಯನವರ ಹೆಸರಿರುವುದು. ಆ ವಿ.ಸಿ. ಫಾರಮಿನಿಂದಲೇ 1994ರಲ್ಲಿ ಕೆ.ಆರ್.ಎಚ್.-1, 1996ರಲ್ಲಿ ಕೆ.ಆರ್.ಎಚ್.-2 ಎಂಬ ಮಿಶ್ರತಳಿ ಭತ್ತಗಳು ಹೊರಬಂದುವು. ಈ ಕಾರ್ಯದಲ್ಲಿ ಡಾ. ಎಂ. ಮಹದೇವಪ್ಪನವರ ಹೆಸರು ಸ್ಮರಣೀಯವಾದುದು. ಎರಡನೆಯದರ ತಂದೆಯ ತಳಿ ಮಂಡ್ಯದ್ದು, ತಾಯಿಯ ತಳಿ ಫಿಲಿಪ್ಪೀನ್ಸ್ ದೇಶದ ಸಂಶೋಧನಾಲಯದ್ದು. ಇಳುವರಿ ಹೆಚ್ಚಿತು, ನಿಜ. ಆದರೆ ಮಿಶ್ರತಳಿಯ ಕಾಳನ್ನೇ ಮರಳಿ ಬಿತ್ತಿದರೆ ಪೈರು ಏಕರೂಪವಾಗಿರದೆ ಗುಣವು ಒಡೆದುಹೋಗುವುದು. ಆದುದರಿಂದ ರೈತನು ಪ್ರತಿ ಸಾಲೂ ಹೊಸ ಬೀಜವನ್ನು ಕೊಳ್ಳಲೇಬೇಕು. ಕಣದಿಂದ ಬೀಜದ ಭತ್ತವನ್ನು ಮೊದಲು ಎತ್ತಿಡುತ್ತಿದ್ದ ಗೃಹಿಣಿಯ ಅಧಿಕಾರವು ಹೀಗೆ ಸದ್ದಿಲ್ಲದೆ ಅಂಗಡಿಗೆ ಸಂದಿತು.

ಇದು ಪರಾಗಸಂಯೋಗದ ಮಾತಾಯಿತು. ಮಣ್ಣಿನ ಸೂಕ್ಷ್ಮಜೀವಿಯೊಂದರ ವಂಶಾಣುವನ್ನು ಹತ್ತಿಯೊಳಕ್ಕೆ ಸೇರಿಸಿದ ಬಿ.ಟಿ. ಬೀಜಕ್ಕೆ 2002ರಲ್ಲಿ ಸರಕಾರದ ಅನುಮತಿ ದೊರೆಯಿತು. ಇಂತಹ ಸ್ವಾಮ್ಯದ ಶಂಕೆಯು ನಮ್ಮಲ್ಲಿ ಅದಕ್ಕೂ ಹಿಂದಿನದು: ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘದವರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಸುಟ್ಟರು. ಆ ಮಾರ್ಗವನ್ನು ನಾನು ಒಪ್ಪಲಾರೆ. ಅವರ ಪ್ರಶ್ನೆಯನ್ನಾದರೋ ಅಲ್ಲಗಳೆಯಲಾರೆ. ಬಿ.ಟಿ. ಬದನೆಯನ್ನು ಕುರಿತು 2010ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಹಿರಂಗ ವಿಚಾರಣೆ ನಡೆದು, ಕೆಲವೇ ದಿನಗಳಲ್ಲಿ ಕೇಂದ್ರ ಸಚಿವರು ಅದಕ್ಕೆ ತಡೆಯೊಡ್ಡಿದರು.

2001ರ ಸಸ್ಯತಳಿ ಸಂರಕ್ಷಣಾ ಶಾಸನವು, ವ್ಯಾಪಾರದ ಹೆಸರಿನ ಮುದ್ರೆಯೊತ್ತಿ ಮಾರುವುದೊಂದನ್ನುಳಿದು, ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಮನುವಿನ ಕ್ಷೇತ್ರಸ್ವಾಮಿಗೆ ಇಷ್ಟು ಸಾಕಾಗಿತ್ತು. ಮಿಶ್ರತಳಿಯನ್ನು ನಂಬಿದ ರೈತನಿಗೆ ಸಾಲದು. ಹಕ್ಕಿದ್ದರೂ ಎತ್ತಿಡಲು ಯೋಗ್ಯವಾದ ಕಾಳಿಲ್ಲ.

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಎಂಬ ಕೃಷಿಕರು ರಾಜಮುಡಿ, ರತ್ನಚೂಡಿ ಮೊದಲಾದ ನೂರಾರು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿರುವರು. ಬೀಜವು ಬಹುಕಾಲ ಮಡಕೆಯಲ್ಲಿ ಉಳಿಯದಷ್ಟೆ. ಒಂದೊಂದನ್ನೂ ಬೇರೆ ಬೇರೆ ಸಣ್ಣ ಮಡಿಗಳಲ್ಲಿ ನೆಟ್ಟು, ಕೊಯ್ದು, ಹೆಸರು ಬೆರೆಯದಂತೆ ಗುರುತಿಟ್ಟು, ಮರುವರ್ಷ ಮತ್ತೆ ಬಿತ್ತಬೇಕು.