ಕೂಟಶಾಸನಗಳು

ರಾಜಾಜ್ಞೆಯು ತಾಮ್ರಪಟದ ರೂಪದಲ್ಲಿ ಗ್ರಾಮಗಳಿಗೆ ಬರುತ್ತಿದ್ದ ಕಾಲದಲ್ಲಿ, ಪಟದ ಬಳೆಗೆ ಬೆಸೆದ ಮುದ್ರೆಯು, ಅದು ಚಾಲುಕ್ಯರ ವರಾಹವಾಗಲಿ, ಗಂಗರ ಆನೆಯಾಗಲಿ, ರಾಷ್ಟ್ರಕೂಟರ ಗರುಡನಾಗಲಿ, ಪ್ರಜೆಗೆ ಸಾಕ್ಷಾತ್ ಅರಸನ ವಚನವೇ ಆಗಿದ್ದಿತು. ತಗಡೊಂದರ ಬಲದಿಂದ ಊರಿನ ಉತ್ಪತ್ತಿಯೆಲ್ಲವೂ ವಂಶಪರಂಪರೆಯಾಗಿ ಕೈಸೇರುವಂತಿದ್ದುದರಿಂದ, ಕೊಡದ ದತ್ತಿಯನ್ನು ಕೊಟ್ಟಂತೆ ಕೆತ್ತಿಸುವ ಲೋಭವೂ ಹುಟ್ಟಿತು. ಇಂತಹ ಖೋಟಾ ಆಜ್ಞೆಯನ್ನು ಪ್ರಾಚೀನರು ಕೂಟಶಾಸನವೆಂದು ಕರೆದರು. ಮನುಸ್ಮೃತಿಯು ಅದನ್ನು ರಚಿಸಿದವನಿಗೆ ಮರಣದಂಡನೆಯನ್ನೇ ವಿಧಿಸಿತು.

ಬಾದಾಮಿಯ ಇಮ್ಮಡಿ ಪುಲಕೇಶಿಯು ತಡೆದು ನಿಲ್ಲಿಸಿದ ಆ ಹರ್ಷವರ್ಧನನ ಮಧುಬನ ತಾಮ್ರಶಾಸನವು, ಅಂದರೆ ಸುಮಾರು ಕ್ರಿ.ಶ. 631ರ ಬರಹವು, ಇದಕ್ಕೊಂದು ಸ್ಪಷ್ಟ ನಿದರ್ಶನ. ಸೋಮಕುಂಡಕಾ ಎಂಬ ಗ್ರಾಮವನ್ನು ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದಿಂದ ಅನುಭವಿಸುತ್ತಿರುವನೆಂದು ವಿಚಾರಿಸಿ ತಿಳಿದ ಹರ್ಷನು, ಆ ತಗಡನ್ನು ಮುರಿಸಿ, ಗ್ರಾಮವನ್ನು ಹಿಂದಕ್ಕೆ ಪಡೆದು, ಬೇರೆ ಇಬ್ಬರು ಬ್ರಾಹ್ಮಣರಿಗೆ ದಾನಮಾಡಿದನೆಂದು ಅದು ಸಾರುತ್ತದೆ.

ಕನ್ನಡನಾಡೂ ಇದಕ್ಕೆ ಹೊರತಾಗಿರಲಿಲ್ಲ. ಶಿವಮೊಗ್ಗ ಪ್ರಾಂತದ ಕೆಲವು ಪಟಗಳು ತಮ್ಮನ್ನು ಪರೀಕ್ಷಿತನ ಮಗನಾದ ಜನಮೇಜಯನ ದಾನಗಳೆಂದೇ ಹೇಳಿಕೊಂಡವು. ಆದರೆ ಅವುಗಳ ನಾಗರೀ ಲಿಪಿಯೇ ಅವು ಬಹುಕಾಲದ ಮೇಲೆ ಹುಟ್ಟಿದುವೆಂಬುದನ್ನು ಹೊರಗೆಡಹಿತು. ಗಂಗರ ಹೆಸರಿನ ಅನೇಕ ಪಟಗಳನ್ನು ಶಂಕಿಸಿದ ಶಾಸನತಜ್ಞ ಜೆ. ಎಫ್. ಫ್ಲೀಟ್ ಮಹಾಶಯರು ಮುದ್ರೆಯ ಮೆರುಗಿಗೆ ಮರುಳಾಗದೆ, ಅಕ್ಷರವು ಆ ಕಾಲದ್ದೇ, ತಿಥಿಗೂ ವಾರಕ್ಕೂ ಹೊಂದಿಕೆಯುಂಟೇ, ವಂಶಾವಳಿಯು ಇತರ ಶಾಸನಗಳಿಗೆ ಸಮ್ಮತವೇ ಎಂದು ಒಂದೊಂದನ್ನೇ ಒರೆಗೆ ಹಚ್ಚಿದರು.

ಇಂದು ತಾಮ್ರದ ಸ್ಥಾನಕ್ಕೆ ಮೊಬೈಲ್ ಬಂದಿದೆ, ವರಾಹದ ಸ್ಥಾನಕ್ಕೆ ಬ್ಯಾಂಕಿನ, ಪೊಲೀಸರ, ನ್ಯಾಯಾಲಯದ ಲಾಂಛನಗಳು ಬಂದಿವೆ. ಪರೀಕ್ಷೆಯ ಕ್ರಮ ಮಾತ್ರ ಬದಲಾಗಿಲ್ಲ. ಇಂದು ರಾತ್ರಿಯೇ ವಿದ್ಯುತ್ ಕಡಿಯಲಾಗುವುದು, ಖಾತೆ ಸ್ಥಗಿತವಾಗುವುದು ಎಂದು ಅವಸರಪಡಿಸುವ ಸಂದೇಶವು ಯಾವ ಸಂಖ್ಯೆಯಿಂದ ಬಂದಿತು, ಅದರ ಕೊಂಡಿ ಎಲ್ಲಿಗೆ ಒಯ್ಯುತ್ತದೆ, ಓಟಿಪಿಯನ್ನು ಏಕೆ ಕೇಳುತ್ತದೆ ಎಂದು ನೋಡಬೇಕು; ಆ ಸಂದೇಶದಲ್ಲಿರುವ ಸಂಖ್ಯೆಯನ್ನು ಬಿಟ್ಟು, ಬಿಲ್ಲಿನ ಮೇಲೆಯೋ ಪಾಸ್‌ಬುಕ್ಕಿನ ಮೇಲೆಯೋ ಅಚ್ಚಾಗಿರುವ ಸಂಖ್ಯೆಗೆ ಕರೆಮಾಡಿ ನಿಜವನ್ನು ಕೇಳಬೇಕು. ಪೊಲೀಸರ ಸೋಗಿನಲ್ಲಿ ಕರೆಮಾಡಿ, ಫೋನಿನಲ್ಲೇ ಬಂಧಿಸಿದ್ದೇವೆಂದು ಬೆದರಿಸುವ ಡಿಜಿಟಲ್ ಅರೆಸ್ಟ್ ಎಂಬ ಕ್ರಮವು ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ.

ಸುಳ್ಳನ್ನು ಗುರುತಿಸಿದ ಮಾತ್ರಕ್ಕೆ ಕರ್ತವ್ಯವು ಮುಗಿಯದು. ವಿಷಯವು ಸಿಂಹಾಸನಕ್ಕೆ ತಿಳಿದುದರಿಂದಲ್ಲವೇ ಸೋಮಕುಂಡಕೆಯ ತಗಡು ಮುರಿಯಿತು? ಹಣ ಕಳೆದುಕೊಂಡವರು ನಾಚಿಕೆಯಿಂದ ಮೌನ ತಾಳದೆ, ಕೂಡಲೇ 1930 ಸಂಖ್ಯೆಯ ಸಹಾಯವಾಣಿಗೆ ದೂರು ಕೊಡಲಿ; ಕಳೆದುಕೊಳ್ಳದವರೂ ಬಂದ ಸಂದೇಶವನ್ನು ಅಳಿಸಿ ಸುಮ್ಮನಾಗದೆ ಸರ್ಕಾರದ ಗಮನಕ್ಕೆ ತರಲಿ.